ಇಪ್ಪತ್ತಾರು ಅಂಕಿಯ ಸಂಸಾರ

18,947,668,177,995,426,462,773,730.

ಓದಲು ಹೋಗಬೇಡಿ, ಮೇಲಿಂದ ಕಣ್ಣಾಡಿಸಿ ಮುಂದೆ ಬನ್ನಿ. ಇದು ಯಾರ ಫೋನ್ ನಂಬರೂ ಅಲ್ಲ, ಆಧಾರ್ ನಂಬರೂ ಅಲ್ಲ. ಯಾವುದೋ ಹಗರಣದ ಮೊತ್ತ ಇರಬೇಕು ಎಂದು ಅನುಮಾನಪಟ್ಟಿದ್ದರೆ, ನಮ್ಮ ಹಗರಣಗಳು ಇನ್ನೂ ಇಷ್ಟು ಬೆಳೆದಿಲ್ಲ. ಇದು ಬರೀ ಒಂದು ಗುಣಾಕಾರದ ಉತ್ತರ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು ಹದಿಮೂರು ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು ಹಿಂದು ಮುಂದು ನೋಡದೆ ಆರಿಸಿ ಶಕುಂತಲಾ ದೇವಿಯವರ ಮುಂದಿಟ್ಟರು. ಒಂದು 7,686,369,774,870. ಇನ್ನೊಂದು 2,465,099,745,779. ಪೆನ್ನಿಲ್ಲ, ಹಾಳೆಯಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ, ಸ್ಕೂಲಿನ ಓದು ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲದ, ಐವತ್ತು ವರ್ಷದ ಆ ಹೆಣ್ಣುಮಗಳು 28 ಸೆಕೆಂಡಿನಲ್ಲಿ ಮೇಲಿನ ಉತ್ತರ ಹೇಳಿದರು.

ಲೋಕ ನೆನಪಿಟ್ಟುಕೊಂಡದ್ದು 28 ಸೆಕೆಂಡನ್ನು. ಕ್ವಿಜ್‌ಗಳಲ್ಲಿ ಕೇಳುತ್ತಾರೆ, ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅಚ್ಚು ಹಾಕುತ್ತಾರೆ, ವಿದ್ಯಾ ಬಾಲನ್ ಅವರನ್ನು ಹಾಕಿ ಸಿನಿಮಾ ಕೂಡ ಮಾಡಿದರು. ಉತ್ತರದ ಗತಿ ಏನಾಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾಲ್ಕೇ ಅಂಕಿಯ 1729ರ ಭಾಗ್ಯ ನೋಡಿ. ರಾಮಾನುಜನ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಣಿತಜ್ಞ ಹಾರ್ಡಿ ನೋಡಲು ಬಂದಿಳಿದ ಟ್ಯಾಕ್ಸಿಯ ನಂಬರು ಅದಾಗಿತ್ತು ಎಂಬ ಒಂದು ಕಾರಣಕ್ಕೆ ಹೈಸ್ಕೂಲಿನ ಹುಡುಗರಿಗೂ ಅದರ ಜಾತಕ ಗೊತ್ತು: ಒಂದರ ಘನ ಮತ್ತು ಹನ್ನೆರಡರ ಘನ ಕೂಡಿದರೂ ಅದೇ, ಒಂಬತ್ತರ ಘನ ಮತ್ತು ಹತ್ತರ ಘನ ಕೂಡಿದರೂ ಅದೇ. ನಮ್ಮ ಇಪ್ಪತ್ತಾರು ಅಂಕಿಗೆ ಟ್ಯಾಕ್ಸಿಯೂ ಸಿಗಲಿಲ್ಲ, ವಿಚಾರಿಸಲು ಬಂದ ಹಾರ್ಡಿಯೂ ಇಲ್ಲ.

ನನಗೆ ಇದರ ಮೇಲೆ ಮಮಕಾರ ಹುಟ್ಟಲು ಕಾರಣ ನನ್ನ ಕಸುಬು. ಆ ಜೂನ್ ತಿಂಗಳಲ್ಲಿ ನಾನು ತಿಪಟೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಹೊಸ ಗುಮಾಸ್ತ. ಜೂನ್ 30ಕ್ಕೆ ಅರ್ಧವಾರ್ಷಿಕ ಲೆಕ್ಕ ಮುಗಿಯಬೇಕು. ಲೆಡ್ಜರುಗಳೆಲ್ಲ ಮೊಣಕೈ ಉದ್ದದವು, ಒಂದೊಂದನ್ನು ಕಪಾಟಿನಿಂದ ಇಳಿಸಲು ಜವಾನನ ಸಹಾಯ ಬೇಕು. ಉಳಿತಾಯ ಖಾತೆಗಳ ಬಾಕಿಗಳನ್ನೆಲ್ಲ ಕೂಡಿ ಬಂದ ಮೊತ್ತ ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಆಗುತ್ತಿರಲಿಲ್ಲ. ಐವತ್ತನಾಲ್ಕು ರೂಪಾಯಿ ವ್ಯತ್ಯಾಸ. ಆ ಐವತ್ತನಾಲ್ಕನ್ನು ಕೈಯಿಂದ ಹಾಕಿ ಮನೆಗೆ ಹೋಗೋಣವೆಂದರೆ ಬ್ಯಾಂಕಿನಲ್ಲಿ ಅಂಥ ಉದಾರಗುಣಕ್ಕೆ ಶಿಕ್ಷೆ ಇದೆ.

ನಮ್ಮ ಹೆಡ್ ಕ್ಯಾಷಿಯರ್ ರಾಯರು ಕನ್ನಡಕ ಹಣೆಗೇರಿಸಿಕೊಂಡು ಬಂದರು. ವ್ಯತ್ಯಾಸ ಎಷ್ಟು ಎಂದು ಕೇಳಿದರು. ಲೆಡ್ಜರನ್ನು ಮುಟ್ಟಲೂ ಇಲ್ಲ. “ಒಂಬತ್ತರಿಂದ ಭಾಗ ಹೋಗುತ್ತೆ ಕಣಯ್ಯಾ. ಅಂದ ಮೇಲೆ ಯಾರೋ ಅಂಕಿ ತಿರುಗುಮುರುಗು ಬರೆದಿದ್ದಾರೆ. ಒಂಬತ್ತಾರ್ಲೆ ಐವತ್ತನಾಲ್ಕು. ಆರು ವ್ಯತ್ಯಾಸ ಇರೋ ಜೋಡಿ ಹುಡುಕು. ಹದಿನೇಳು ಎಪ್ಪತ್ತೊಂದು, ಇಪ್ಪತ್ತೆಂಟು ಎಂಬತ್ತೆರಡು, ಮೂವತ್ತೊಂಬತ್ತು ತೊಂಬತ್ತಮೂರು, ಇಂಥವು,” ಎಂದು ಹೇಳಿ ತಮ್ಮ ಪಂಜರಕ್ಕೆ ವಾಪಸಾದರು. ಕಾಫಿ ಬರುವ ಹೊತ್ತಿಗೆ 82ನ್ನು 28 ಎಂದು ಬರೆದಿದ್ದ ಸಾಲು ಸಿಕ್ಕಿತು. ಕಾಲೇಜಿನಲ್ಲಿ ಕಲಿತ ಯಾವ ಪ್ರಮೇಯವೂ ನನಗೆ ಆ ಮಟ್ಟದ ರೋಮಾಂಚನ ಕೊಟ್ಟಿರಲಿಲ್ಲ. ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಹತ್ತರ ಸ್ಥಾನದಲ್ಲಿದ್ದದ್ದು ಒಂದರ ಸ್ಥಾನಕ್ಕೆ ಇಳಿದರೆ ತನ್ನ ಒಂಬತ್ತು ಪಾಲು ಕಳೆದುಕೊಳ್ಳುತ್ತದೆ, ಮೇಲೇರಿದ್ದು ಒಂಬತ್ತು ಪಾಲು ಗಳಿಸುತ್ತದೆ. ಇಷ್ಟೇ ಅದರ ಗುಟ್ಟು.

ಲಂಡನ್ನಿನ ಸುದ್ದಿ ಬಂದದ್ದೂ ಆ ದಿನಗಳಲ್ಲೇ. ರಾಯರು ಪತ್ರಿಕೆ ಓದಿ, “ಇಪ್ಪತ್ತೆಂಟು ಸೆಕೆಂಡಿನಲ್ಲಿ ನಾನು ಕನ್ನಡಕ ಒರೆಸಿ ಹಾಕ್ಕೊಳ್ಳೋದೂ ಆಗಲ್ಲವಲ್ಲಯ್ಯಾ,” ಎಂದರು. ಒಂದು ಗಳಿಗೆ ಬಿಟ್ಟು, “ಆಯ್ತು, ತಾಳೆ ನೋಡಿದವರು ಯಾರು?” ಎಂದರು.

ಬ್ಯಾಂಕಿನವರ ಬುದ್ಧಿ. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೌಕರಿ, ವರ್ಗಾವಣೆ, ಮಕ್ಕಳ ಫೀಸು, ಮನೆ ಸಾಲದ ಕಂತು ಎಂದು ಸಣ್ಣ ಸಣ್ಣ ಸಂಖ್ಯೆಗಳು ಆಯುಷ್ಯವನ್ನೆಲ್ಲ ತಿಂದುಹಾಕಿದ ಮೇಲೆ, ನಿವೃತ್ತಿಯಾಗಿ ದೊಡ್ಡ ಸಂಖ್ಯೆಗೆ ಬಿಡುವಾಯಿತು.

ಮೊದಲು ಹಳೆಯ ಮೇಜಿನ ಕ್ಯಾಲ್ಕುಲೇಟರ್ ತೆಗೆದೆ. ಅದು ಹನ್ನೆರಡು ಅಂಕಿಯದು, ಬ್ಯಾಂಕುಗಳಲ್ಲಿ ಇರುತ್ತಿದ್ದವೆಲ್ಲ ಅಂಥವೇ. ಉತ್ತರದ ಮಾತಿರಲಿ, ಹದಿಮೂರು ಅಂಕಿಯ ಮೊದಲ ಸಂಖ್ಯೆಯೇ ಅದರೊಳಗೆ ಹಿಡಿಸಲಿಲ್ಲ. ಕೊನೆಯ ಸೊನ್ನೆಯನ್ನು ಒತ್ತೇ ಒತ್ತಿದೆ, ಅದು ಕೇಳಿಸಿಕೊಳ್ಳಲಿಲ್ಲ. ಏಳನೇ ಕ್ಲಾಸಿನ ಮೊಮ್ಮಗ ನೋಡುತ್ತಿದ್ದವನು, “ತಾತ, ಫೋನಿಗೆ ಕೇಳಿದರೆ ಅದೇ ಹೇಳುತ್ತೆ,” ಎಂದ. ಹೇಳುತ್ತದೆ, ನನಗೂ ಗೊತ್ತು. ಹೆಣ್ಣುಮಗಳೊಬ್ಬಳು ತಲೆಯಲ್ಲಿ ಮಾಡಿದ್ದನ್ನು ಕಾಗದದ ಮೇಲಾದರೂ ಮಾಡಿ ನೋಡುವ ಮರ್ಯಾದೆ ಬೇಡವೇ? ಅವನ ಚೌಕದ ಗೆರೆಯ ನೋಟ್‌ಬುಕ್ಕಿನಿಂದ ಹಾಳೆ ಕಿತ್ತುಕೊಂಡು ಕೂತೆ. “ರೀ, ಆ ಹೆಂಗಸು ಹೋಗಿ ಎಷ್ಟೋ ವರ್ಷ ಆಯ್ತು, ಈಗ ಆಡಿಟ್ ಮಾಡ್ತೀರಾ?” ಎಂದು ನನ್ನಾಕೆ ಒಳಗಿನಿಂದಲೇ ಕೇಳಿದಳು.

ಒಂಬತ್ತರ ತಾಳೆ ಮೊದಲು. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 78. ಅದನ್ನು ಮತ್ತೆ ಕೂಡಿದರೆ 15, ಮತ್ತೆ ಕೂಡಿದರೆ 6. ಎರಡನೆಯದರದು 74, ಅದು 11 ಆಗಿ 2ಕ್ಕೆ ಇಳಿಯುತ್ತದೆ. ಆರೆರಡ್ಲೆ ಹನ್ನೆರಡು, ಒಂದೂ ಎರಡೂ ಮೂರು. ಅಂದರೆ ಉತ್ತರದ ಅಂಕಿಗಳನ್ನು ಕೂಡುತ್ತ ಹೋದರೆ ಕೊನೆಗೆ 3 ಬರಬೇಕು. ಇಪ್ಪತ್ತಾರನ್ನೂ ಕೂಡಿದೆ: 138. ಒಂದು, ಮೂರು, ಎಂಟು ಕೂಡಿ 12. ಮತ್ತೆ ಕೂಡಿ 3.

ಬಂತು! ಎದ್ದು ನಿಂತು ಯಾರಿಗಾದರೂ ಹೇಳಬೇಕೆನಿಸಿತು. ಆದರೆ ರಾಯರ ಶಿಷ್ಯನಾದವನು ಇಷ್ಟಕ್ಕೇ ಸಂಭ್ರಮಪಡಬಾರದು. ಅಂಕಿಗಳು ಎಲ್ಲೆಲ್ಲಿ ಕೂತಿವೆ ಎಂಬುದು ಒಂಬತ್ತರ ಕಣ್ಣಿಗೆ ಕಾಣುವುದಿಲ್ಲ, ಎಲ್ಲರೂ ಹಾಜರಿದ್ದಾರೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತು. ಶಕುಂತಲಾ ದೇವಿ ಎಲ್ಲೋ ನಡುವೆ 73ರ ಬದಲು 37 ಎಂದಿದ್ದರೂ ಒಂಬತ್ತು ತಲೆಯಾಡಿಸಿ ಒಪ್ಪಿಬಿಡುತ್ತಿತ್ತು. ಆ ಮೋಸವನ್ನು ಹಿಡಿಯುವುದು ಹನ್ನೊಂದು. ಬಲಗಡೆಯಿಂದ ಹೊರಟು ಒಂದು ಅಂಕಿ ಕೂಡು, ಮುಂದಿನದನ್ನು ಕಳೆ, ಅದರ ಮುಂದಿನದನ್ನು ಕೂಡು. ಕೊನೆಗೆ ಉಳಿದದ್ದನ್ನು ಹನ್ನೊಂದರಿಂದ ಭಾಗಿಸಿದರೆ ಎಷ್ಟು ಶೇಷವೋ, ಇಡೀ ಸಂಖ್ಯೆಯನ್ನು ಭಾಗಿಸಿದರೂ ಅಷ್ಟೇ ಶೇಷ. ಪಕ್ಕಪಕ್ಕದ ಅಂಕಿ ಜಾಗ ಬದಲಿಸಿದರೆ ಕೂಡಬೇಕಾದದ್ದು ಕಳೆದುಹೋಗುತ್ತದೆ, ತಕ್ಷಣ ಸಿಕ್ಕಿಬೀಳುತ್ತಾರೆ.

ಮೊದಲ ಸಂಖ್ಯೆಗೆ ಮಾಡಿದೆ: ಕೂಡುವ ಕಡೆ 42, ಕಳೆಯುವ ಕಡೆ 36, ಉಳಿದದ್ದು 6. ಎರಡನೆಯದಕ್ಕೆ ಮಾಡಿದೆ: ಕೂಡುವ ಕಡೆ 37, ಕಳೆಯುವ ಕಡೆಯೂ 37. ಇನ್ನೊಮ್ಮೆ ಮಾಡಿದೆ, ಅದೇ ಬಂತು. ಎರಡನೆಯ ಸಂಖ್ಯೆ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ! ಇಂಪೀರಿಯಲ್ ಕಾಲೇಜಿನವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆರಿಸಿದ ಸಂಖ್ಯೆಗೆ ಹನ್ನೊಂದರಲ್ಲೊಂದಕ್ಕೆ ಸಿಗುವ ಅದೃಷ್ಟ. ಒಂದು ಭಾಗವಾದ ಮೇಲೆ ಗುಣಲಬ್ಧವೂ ಆಗಲೇಬೇಕು. ಹಾಗಾದರೆ ಉತ್ತರದಲ್ಲಿ ಕೂಡುವ ಕಡೆ, ಕಳೆಯುವ ಕಡೆ ಏನಾಗಿದೆ? ಅಂಕಿಗಳನ್ನು ಎರಡು ಕಂಬಸಾಲಿನಲ್ಲಿ ಬರೆದುಕೊಂಡು ಕೂಡಿದೆ. ಎಡಕ್ಕೆ 69. ಬಲಕ್ಕೆ 69. ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದರೂ ಜಮಾ ಖರ್ಚು ಮೊದಲನೇ ಸಲಕ್ಕೇ ಹೊಂದಿದ್ದನ್ನು ನಾನು ನೋಡಿರಲಿಲ್ಲ.

ಇನ್ನು ಬಿಡುವ ಹಾಗಿರಲಿಲ್ಲ. ಸಂಬಂಧಿಕರನ್ನೆಲ್ಲ ವಿಚಾರಿಸಿದೆ. ಸೊನ್ನೆಯಲ್ಲಿ ಮುಗಿಯುವುದರಿಂದ 2 ಮತ್ತು 5ರಿಂದ ಭಾಗವಾಗುತ್ತದೆ. ಕೊನೆಗೆ 30 ಇರುವುದರಿಂದ 4ಕ್ಕೂ ಇಲ್ಲ, 25ಕ್ಕೂ ಇಲ್ಲ. ಅಂಕಿಗಳ ಮೊತ್ತ 138 ಆದ್ದರಿಂದ 3ರಿಂದ ಹೋಗುತ್ತದೆ, 9ರಿಂದ ಹೋಗುವುದಿಲ್ಲ. 11ರ ಕಥೆ ಆಗಲೇ ಹೇಳಿದೆ. ಎಲ್ಲರೂ ಒಂದೊಂದೇ ಸಲ ಬಂದು ಹೋಗಿದ್ದಾರೆ, ಮರಳಿ ಬಂದವರಿಲ್ಲ. ಆದ್ದರಿಂದ ಇದು ಯಾವ ಸಂಖ್ಯೆಯ ವರ್ಗವೂ ಅಲ್ಲ, ಘನವೂ ಅಲ್ಲ. ಹನ್ನೊಂದರವರೆಗಿನ ಅವಿಭಾಜ್ಯ ಸಂಖ್ಯೆಗಳಲ್ಲಿ ಉಳಿದದ್ದು 7 ಮಾತ್ರ. ಅದಕ್ಕೊಂದು ಒಳ್ಳೆಯ ಉಪಾಯವಿದೆ. 7, 11, 13 ಮೂರನ್ನೂ ಗುಣಿಸಿದರೆ 1001. ಸಂಖ್ಯೆಯನ್ನು ಮೂರು ಮೂರು ಅಂಕಿಯ ತುಂಡು ಮಾಡಿ, ಬಲದಿಂದ ಒಂದು ಕೂಡಿ ಒಂದು ಕಳೆಯುತ್ತ ಹೋದರೆ ಮೂವರ ಪರೀಕ್ಷೆಯೂ ಒಟ್ಟಿಗೆ ಮುಗಿಯುತ್ತದೆ. 730ರಿಂದ 773 ಕಳೆ, 462 ಕೂಡು, 426 ಕಳೆ, 995 ಕೂಡು, 177 ಕಳೆ, 668 ಕೂಡು, 947 ಕಳೆ, 18 ಕೂಡು. ಉಳಿದದ್ದು 550. ಹನ್ನೊಂದೈವತ್ಲೆ ಐನೂರೈವತ್ತು, ಸರಿಯಾಯಿತು. ಏಳಕ್ಕೆ ನಾಲ್ಕು ಶೇಷ. ಹದಿಮೂರಕ್ಕೂ ನಾಲ್ಕೇ ಶೇಷ.

ಏಳು ಹೋಗಲಿಲ್ಲ ಎನ್ನುವುದಕ್ಕಿಂತ ನನಗೆ ಸಿಟ್ಟು ತಂದದ್ದು ಬೇರೆ. ಈ ಇಪ್ಪತ್ತಾರು ಅಂಕಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕಾಣಿಸಿಕೊಂಡಿರುವುದು ಏಳೇ. ಆರು ಸಲ! ಆರಕ್ಕೆ ನಾಲ್ಕು ಸಲ, ಐದಕ್ಕೆ ಒಂದೇ ಸಲ, ಸೊನ್ನೆಗೂ ಒಂದೇ ಸಲ ಜಾಗ. ಮದುವೆ ಮನೆಯಲ್ಲಿ ಪಂಕ್ತಿ ಪಂಕ್ತಿಯಲ್ಲೂ ಎಲೆ ಹಾಕಿಸಿಕೊಂಡು, ಪಾತ್ರೆ ಎತ್ತುವ ಹೊತ್ತಿಗೆ ಕಾಣದಂತಾಗುವ ಷಡ್ಡಕನ ಹಾಗೆ, ಭಾಗಿಸಲು ಕರೆದರೆ ಏಳು ಬರುವುದಿಲ್ಲ. ಐದು ಒಂದೇ ಒಂದು ಸಲ ಬಂದು ಮೂಲೆಯಲ್ಲಿ ನಿಂತರೂ ಕೆಲಸ ಮಾಡಿಕೊಟ್ಟಿದೆ.

ಕೊನೆಗೆ ಪೂರ್ತಿ ಗುಣಾಕಾರವನ್ನೂ ಮಾಡಿದೆ ಎನ್ನಿ. ಎರಡನೆಯ ಸಂಖ್ಯೆಯಲ್ಲಿ ಒಂದು ಸೊನ್ನೆ ಇರುವುದರಿಂದ ಹದಿಮೂರರ ಬದಲು ಹನ್ನೆರಡು ಸಾಲು. ಬೆಳಗಿನ ಕಾಫಿ ಮುಗಿಸಿ ಕೂತವನು ಏಳುವಾಗ ಕುಕ್ಕರ್ ಕೂಗಿ ಸುಮ್ಮನಾಗಿತ್ತು. ಇಪ್ಪತ್ತಾರೂ ಅಂಕಿ ಹೊಂದಿದವು. ರಾಯರು ಇದ್ದಿದ್ದರೆ ಹಾಳೆಯ ಕೆಳಗೆ ಒಂದು ಹಸಿರು ಇಂಕಿನ ಟಿಕ್ ಹಾಕಿಸಿಕೊಳ್ಳುತ್ತಿದ್ದೆ.

ತಾಳೆಯಾದ ಮೇಲೆ ಹೆಸರು ಹಿಡಿದು ಕರೆಯಬೇಕಲ್ಲ. ನಮ್ಮ ಬಳಕೆಯಲ್ಲಿ ಕೋಟಿಯಿಂದ ಆಚೆಗೆ ದಾರಿ ಸವೆದಿಲ್ಲ. ಕೋಟಿ ಕೋಟಿ ಎಂದು ಹೇಳಿಕೊಂಡೇ ಹೋಗಬೇಕು: 18,947 ಕೋಟಿ ಕೋಟಿ ಕೋಟಿ, 66,81,779 ಕೋಟಿ ಕೋಟಿ, 95,42,646 ಕೋಟಿ, 27,73,730. ಜೋರಾಗಿ ಓದಿದರೆ ಪಕ್ಕದ ಮನೆಯವರು ಹರಕೆ ಹೊತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆದರೆ ಹನ್ನೊಂದು ನೂರು ವರ್ಷಗಳಿಗೂ ಹಿಂದೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರ ಬಳಿ ಇಷ್ಟು ಬಡತನವಿರಲಿಲ್ಲ. ಅವರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಕೋಟಿ, ದಶಕೋಟಿ, ಶತಕೋಟಿ ಆದ ಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಕೊನೆಗೆ ಮಹಾಕ್ಷೋಭ. ಅಲ್ಲಿಗೆ ಇಪ್ಪತ್ತನಾಲ್ಕು ಮುಗಿಯಿತು. ಶಕುಂತಲಾ ದೇವಿಯವರ ಉತ್ತರ ಅದನ್ನೂ ಎರಡು ಮನೆ ದಾಟಿ ನಿಂತಿದೆ. ಆಚಾರ್ಯರ ಲೆಕ್ಕದಲ್ಲಿ ಅದು ನೂರ ಎಂಬತ್ತೊಂಬತ್ತು ಮಹಾಕ್ಷೋಭ, ಮೇಲೆ ಚಿಲ್ಲರೆ. ಆ ಚಿಲ್ಲರೆಯಲ್ಲಿ ನಮ್ಮ ದೇಶದ ಸಾಲವನ್ನೆಲ್ಲ ತೀರಿಸಿ ಪಕ್ಕದ ದೇಶದವರಿಗೂ ಕೈಗಡ ಕೊಡಬಹುದು.

ಮಹಾವೀರಾಚಾರ್ಯರಿಗೆ ದೊಡ್ಡ ಸಂಖ್ಯೆಗಳೆಂದರೆ ಒಡವೆಯ ಮೇಲಿನಂಥ ಆಸೆ. ಗುಣಾಕಾರದ ಉದಾಹರಣೆ ಕೊಡುವಾಗ ಉತ್ತರ ಚೆಂದವಾಗಿ ಬರುವಂಥವನ್ನೇ ಹುಡುಕಿ ಕೊಟ್ಟಿದ್ದಾರೆ, ರಾಜನ ಕೊರಳಿಗೆ ಹಾಕುವ ಹಾರವೆಂದು ಹೇಳಿದ್ದಾರೆ. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗೆ ಒಂದು, ನಡುವೆ ಸಾಲು ಸೊನ್ನೆ. 27994681ನ್ನು 441ರಿಂದ ಗುಣಿಸಿದರೆ 12345654321, ಏರಿ ಇಳಿಯುವ ಪದಕ. ನೃಪತುಂಗನ ಮಳಖೇಡದ ಅರಮನೆಯಲ್ಲಿ ಇದನ್ನು ಕೇಳಿ ಯಾರಾದರೂ ತಲೆದೂಗಿರಬಹುದು. ಈಗಿನ ಅಧಿಕಾರಸ್ಥರ ಮುಂದೆ 12345654321 ಇಟ್ಟರೆ ಯಾವ ಇಲಾಖೆಯ ಅನುದಾನ ಎಂದು ಕೇಳುತ್ತಾರೆ.

ಶಕುಂತಲಾ ದೇವಿಯವರ ಬದುಕಿನಲ್ಲೂ ಇಂಥ ಒಂದು ಒಡವೆ ಬಂದಿತ್ತು. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ, 201 ಅಂಕಿಯ ಸಂಖ್ಯೆಯೊಂದರ ಇಪ್ಪತ್ತಮೂರನೆಯ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಅದೇ ಲೆಕ್ಕಕ್ಕೆ ಯೂನಿವ್ಯಾಕ್ ಕಂಪ್ಯೂಟರಿಗೆ 62 ಸೆಕೆಂಡು ಬೇಕಾಯಿತು. ಉತ್ತರ 546,372,891. ಇದನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿಯೂ ಒಂದೊಂದು ಸಲ ಬಂದಿದೆ. ನಡುವಿನ ಐದು ಮೊದಲು ಕೂತಿದೆ, ಆಮೇಲೆ 4 ಮತ್ತು 6, 3 ಮತ್ತು 7, 2 ಮತ್ತು 8, 9 ಮತ್ತು 1. ಜೋಡಿ ಜೋಡಿಯೂ ಹತ್ತು. ಪ್ರಶ್ನೆ ಮಾಡಿದವರು ಯಾರೋ ರಸಿಕರು, ಉತ್ತರವನ್ನು ಪೋಣಿಸಿಟ್ಟುಕೊಂಡೇ ಪ್ರಶ್ನೆ ತಯಾರಿಸಿದ್ದಾರೆ ಎಂಬುದು ನನ್ನ ತೀರ್ಮಾನ. ಮೂಲ ತೆಗೆಯುವುದರಲ್ಲಿ ಒಂದಿಷ್ಟು ಒಳದಾರಿಗಳೂ ಇವೆ. ಬೆಸ ಸಂಖ್ಯೆಯೊಂದು ಐದರಲ್ಲಿ ಮುಗಿಯದಿದ್ದರೆ ಅದರ ಇಪ್ಪತ್ತಮೂರನೆಯ ಘಾತದ ಕೊನೆಯ ಎರಡು ಅಂಕಿಯೂ ಘನದ ಕೊನೆಯ ಎರಡು ಅಂಕಿಯೂ ಒಂದೇ. ಆ 201 ಅಂಕಿಯ ಸಂಖ್ಯೆ 71ರಲ್ಲಿ ಮುಗಿಯುತ್ತದೆ, 91ರ ಘನ 753571 ಕೂಡ 71ರಲ್ಲೇ ಮುಗಿಯುತ್ತದೆ. ಅಲ್ಲಿಗೆ ಬಾಲ ಕೈಗೆ ಸಿಕ್ಕಿತು. ಇಷ್ಟು ತಿಳಿದರೆ ನಾವೂ ಮಾಡಬಹುದು ಎಂದು ಹುಮ್ಮಸ್ಸು ಬೇಡ, ಇನ್ನೂ ಏಳು ಅಂಕಿ ಬಾಕಿ ಇವೆ.

ಗುಣಾಕಾರದಲ್ಲಿ ಆ ಸೌಕರ್ಯ ಕಡಿಮೆ. ಅಲ್ಲಿಯ ಹದಿಮೂರು ಅಂಕಿಯಲ್ಲಿ ಪ್ರತಿಯೊಂದೂ ಇಲ್ಲಿಯ ಹದಿಮೂರರಲ್ಲಿ ಪ್ರತಿಯೊಂದನ್ನೂ ಮುಟ್ಟಿ ಮಾತಾಡಿಸಲೇಬೇಕು. ಒಟ್ಟು 169 ಭೇಟಿ. ಎರಡು ಕಡೆಯೂ ಒಂದೊಂದು ಸೊನ್ನೆ ಇರುವುದರಿಂದ 25 ಕಳೆದು 144 ಉಳಿಯಿತು. 28 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಮಗ್ಗಿ, ಅದರ ಮೇಲೆ ದಶಕ ಒಯ್ಯುವುದು, ಕೂಡುವುದು, ಕೂಡಿದ್ದನ್ನು ನೆನಪಿಡುವುದು. ಮಾನಸ ಗಣಿತದ ಮಹಾಮಹಿಮರ ಮೇಲೆ ಪುಸ್ತಕವನ್ನೇ ಬರೆದ ಸ್ಟೀವನ್ ಸ್ಮಿತ್ ಹಿಂದಿನ ಯಾವ ದಾಖಲೆಯೂ ಇದರ ಹತ್ತಿರಕ್ಕೂ ಬರುವಂಥದ್ದಲ್ಲ, ನಂಬುವುದೇ ಕಷ್ಟ ಎಂದರು. ಹೊಗಳಿಕೆಯೋ ಅನುಮಾನವೋ, ಓದಿದವರಿಗೆ ಬಿಟ್ಟದ್ದು. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ತಾವೇ ಕೂತು ಪರೀಕ್ಷಿಸಿದರು. 61,629,875ರ ಘನಮೂಲ ಕೇಳಿ, ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವುದರೊಳಗೆ 395 ಎಂಬ ಉತ್ತರ ಬಂದಿತ್ತು. 170,859,375ರ ಏಳನೆಯ ಮೂಲ 15 ಎಂಬುದೂ ಹಾಗೆಯೇ. ತಮಾಷೆಯೆಂದರೆ, ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಆಕೆ ನಮ್ಮ ನಿಮ್ಮಂಥವರೇ, ವಿಶೇಷ ವೇಗವೇನೂ ಕಾಣಲಿಲ್ಲ.

ಶಕುಂತಲಾ ದೇವಿಯವರ ಅಪ್ಪ ಸರ್ಕಸ್ಸಿನವರು. ಮೂರು ವರ್ಷದ ಮಗು ಇಸ್ಪೀಟ್ ಎಲೆಗಳ ಆಟದಲ್ಲಿ ಗೆಲ್ಲುತ್ತಿರುವುದು ಕೈಚಳಕದಿಂದಲ್ಲ, ಎಲೆಗಳನ್ನು ನೆನಪಿಟ್ಟುಕೊಂಡು ಎಂಬುದು ಅವರಿಗೆ ಹೊಳೆಯಿತು. ಆರನೆಯ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. ಅಲ್ಲಿಂದ ಊರೂರು, ದೇಶದೇಶ. ಮನೆ ನಡೆದದ್ದು ಆ ಮಗುವಿನ ಲೆಕ್ಕದಿಂದ. ನಾವೆಲ್ಲ ಲೆಕ್ಕ ತಪ್ಪಿದರೆ ಏಟು ತಿನ್ನುತ್ತಿದ್ದ ವಯಸ್ಸಿನಲ್ಲಿ, ಲೆಕ್ಕ ತಪ್ಪಿದರೆ ಮನೆಯಲ್ಲಿ ಊಟವಿಲ್ಲ ಎಂಬ ಸ್ಥಿತಿ ಹೇಗಿದ್ದೀತು ಎಂದು ಯೋಚಿಸುತ್ತೇನೆ. ಲಂಡನ್ನಿನ ಗುಣಾಕಾರ ನಡೆದ 1980ರ ಆರಂಭದಲ್ಲೇ ಮೇದಕ್ ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರ ವಿರುದ್ಧ ಲೋಕಸಭೆಗೆ ನಿಂತು ಸೋತಿದ್ದರು. ಮತಗಳ ಲೆಕ್ಕ ಬೇರೆಯ ಜಾತಿಯದು, ಅಲ್ಲಿ ಒಂಬತ್ತರ ತಾಳೆಯೂ ನಡೆಯುವುದಿಲ್ಲ.

ಈ ಸಂಖ್ಯೆ ನಿಜಕ್ಕೂ ಎಷ್ಟು ದೊಡ್ಡದು? ಸೆಕೆಂಡಿಗೊಂದರಂತೆ ಎಣಿಸುತ್ತ ಹೋದರೆ ಈ ವಿಶ್ವ ಹುಟ್ಟಿ ಆಗಿರುವ 1,380 ಕೋಟಿ ವರ್ಷಗಳು ಸಾಲುವುದಿಲ್ಲ, ಅದರ ನಾಲ್ಕು ಕೋಟಿಗೂ ಹೆಚ್ಚು ಪಟ್ಟು ಕಾಲ ಬೇಕು. ಹೀಗೆ ಹೇಳಿ ಮೊಮ್ಮಗನನ್ನು ಬೆಚ್ಚಿಬೀಳಿಸಿದ್ದೆ. ಆಮೇಲೆ ಅವನ ವಿಜ್ಞಾನದ ಪುಸ್ತಕದಲ್ಲಿ ನೀರಿನ ಅಣುಗಳ ವಿಷಯ ಕಂಡು ಒಂದು ಸಣ್ಣ ಭಾಗಾಕಾರ ಮಾಡಿದೆ. ಹದಿನೆಂಟು ಗ್ರಾಂ ನೀರಿನಲ್ಲಿ ಇರುವ ಅಣುಗಳ ಸಂಖ್ಯೆ ಸುಮಾರು 6.022 ಗುಣಿಸು ಹತ್ತರ ಇಪ್ಪತ್ತಮೂರನೆಯ ಘಾತ. ಹಾಗಾದರೆ ನಮ್ಮ ನೂರ ಎಂಬತ್ತೊಂಬತ್ತು ಮಹಾಕ್ಷೋಭ ಅಣುಗಳು ಎಂದರೆ ಎಷ್ಟು ನೀರು? ಸುಮಾರು 567 ಗ್ರಾಂ. ಅರ್ಧ ಲೀಟರಿನ ಬಾಟಲಿ ತುಂಬಿ ಮೇಲೆ ನಾಲ್ಕೈದು ಚಮಚ. ವಿಶ್ವದ ವಯಸ್ಸಿಗೆ ಸಡ್ಡು ಹೊಡೆದ ಸಂಖ್ಯೆಯನ್ನು ನನ್ನಾಕೆ ಮಧ್ಯಾಹ್ನದ ಮಾತ್ರೆಯ ಜೊತೆ ಕುಡಿದು ಲೋಟ ಕೆಳಗಿಡುತ್ತಾಳೆ.

ಆದ್ದರಿಂದ ಗಾತ್ರದ ಹೆಚ್ಚುಗಾರಿಕೆ ನನಗೆ ಈಗ ಉಳಿದಿಲ್ಲ. ಇಪ್ಪತ್ತಾರು ಅಂಕಿಯ ಸಂಖ್ಯೆಗಳು ಲೆಕ್ಕವಿಲ್ಲದಷ್ಟಿವೆ, ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಯಾರೂ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ಮುಂದೆ ಹೇಳುವುದೂ ಇಲ್ಲ. ಈ ಒಂದು ಮಾತ್ರ ಒಬ್ಬ ಹೆಣ್ಣುಮಗಳ ತಲೆಯಲ್ಲಿ ಹುಟ್ಟಿ ಬಾಯಲ್ಲಿ ಬಂತು. ಹಾರವಾಗಿ ಹೊಳೆಯುವ ಗುಣ ಅದಕ್ಕಿಲ್ಲ, ಎರಡು ರೀತಿ ಘನಗಳಾಗಿ ಒಡೆದು ತೋರಿಸುವ ಚಾತುರ್ಯವೂ ಇಲ್ಲ. ಹನ್ನೊಂದರ ಸಂಬಂಧ ಒಂದಿದೆ, ಅದೂ ಅಕಸ್ಮಾತ್ತಾಗಿ ಆದದ್ದು.

ತಲೆಯಲ್ಲಿ ಲೆಕ್ಕ ಮಾಡುವವರು ಆಗ ನಮ್ಮ ಸುತ್ತ ಕಮ್ಮಿಯೇನೂ ಇರಲಿಲ್ಲ. ಶಕುಂತಲಾ ದೇವಿ ಶಿಖರವಾದರೆ ಕೆಳಗೆ ಒಂದು ಬೆಟ್ಟವೇ ಇತ್ತು. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು ನಮ್ಮ ಕೌಂಟರಿನ ಮುಂದೆ ನಿಂತು, ಕ್ವಿಂಟಲಿಗೆ ಇಷ್ಟು, ಮೂಟೆ ಇಷ್ಟು, ತೂಕದಲ್ಲಿ ಬಿಟ್ಟದ್ದು ಇಷ್ಟು, ಹಮಾಲಿ ಕಳೆದು ಇಷ್ಟು ಎಂದು ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು. ನಾನು ಪೆನ್ನಿನ ಕ್ಯಾಪ್ ತೆಗೆಯುವುದರೊಳಗೆ ಪೈಸೆ ಸಮೇತ ಉತ್ತರ ಬರುತ್ತಿತ್ತು. ಅವರಿಗೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳೆಲ್ಲ ಕಂಠಪಾಠ. ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಕೂತು ಒಪ್ಪಿಸಿದ್ದು. ಹದಿನೇಳೇಳ್ಲೆ ನೂರಾ ಹತ್ತೊಂಬತ್ತು ಎನ್ನುವಾಗ ಎಲ್ಲ ಮಕ್ಕಳ ದನಿಯೂ ಸ್ವಲ್ಪ ಏರುತ್ತಿತ್ತು, ಕಷ್ಟದ ಏಣು ದಾಟಿದ ಸಡಗರ ಅದು. ಮೊಮ್ಮಗನಿಗೆ ಹದಿನೇಳೇಳ್ಲೆ ಎಷ್ಟೋ ಎಂದರೆ ಫೋನಿನತ್ತ ಕೈ ಹೋಗುತ್ತದೆ. ಅವನು ದಡ್ಡನಲ್ಲ, ನನಗಿಂತ ಚುರುಕು. ಅವನಿಗೆ ಅದರ ಅಗತ್ಯವಿಲ್ಲ, ಅಷ್ಟೇ. ಅಗತ್ಯವಿಲ್ಲದ್ದನ್ನು ಕಲಿ ಎನ್ನಲು ನನ್ನ ಬಳಿ ಇರುವ ಕಾರಣ ಒಂದೇ, ಅದರಲ್ಲಿ ಸುಖವಿದೆ. ಆ ಕಾರಣ ಅವನ ಅಪ್ಪನಿಗೆ ಒಪ್ಪಿಗೆಯಾಗುವುದಿಲ್ಲ.

ಶಕುಂತಲಾ ದೇವಿ 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಈ ಗುಣಾಕಾರವನ್ನು ಗಿನ್ನೆಸ್ ಪುಸ್ತಕ 1982ರ ಆವೃತ್ತಿಯಲ್ಲೇ ಅಚ್ಚು ಹಾಕಿತ್ತು. ಸರ್ಟಿಫಿಕೇಟ್ ಅವರ ಮಗಳ ಕೈಗೆ ಬಂದದ್ದು 2020ರ ಜುಲೈನಲ್ಲಿ. 28 ಸೆಕೆಂಡಿನ ಕೆಲಸಕ್ಕೆ ಕಾಗದ ಬರಲು ನಲವತ್ತು ವರ್ಷ. ಪೆನ್ಷನ್ ಫೈಲಿನ ಹಿಂದೆ ಓಡಾಡಿದ ನನ್ನಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಪೂರ್ತಿ ಗುಣಾಕಾರ ಬೇಡ, ಎರಡು ಸಂಖ್ಯೆಗಳ ಕೊನೆಯ ಮೂರು ಮೂರು ಅಂಕಿ ತೆಗೆದುಕೊಳ್ಳಿ: 870 ಮತ್ತು 779. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಗುಣಿಸಿ. 780ರಿಂದ ಗುಣಿಸಿ ಒಂದು 870 ಕಳೆದರೆ ಸುಲಭ. ಕೊನೆಗೆ 730 ಬಂದರೆ ಆ ದೊಡ್ಡ ಉತ್ತರದ ಮೂರು ಅಂಕಿಯನ್ನು ನೀವೇ ತಾಳೆ ನೋಡಿದಂತಾಯಿತು. ಗಡಿಯಾರ ನೋಡಬೇಡಿ, ಫೋನು ಬೇರೆ ಕೋಣೆಯಲ್ಲಿರಲಿ.